ನಾಲಿಗೆ ಹೆರೆಯದ ಬೆಳಿಗ್ಗೆ

ನನ್ನ ಗಂಡ ನನ್ನನ್ನು ಬಿಟ್ಟು ಹೋದರು. ದೂರವೇನಲ್ಲ, ಟೆಕ್ಸಸ್‌ನ ಕೇಟಿ ಎಂಬ ಊರಿನ ನಮ್ಮ ಮನೆಯಲ್ಲೇ, ಹಜಾರದ ಆಚೆ ಬದಿಯ ರೂಮಿಗೆ. ಮಗಳು ಕೆಲಸ ಸಿಕ್ಕಿ ಆಸ್ಟಿನ್‌ಗೆ ಶಿಫ್ಟ್ ಆದಮೇಲೆ ಖಾಲಿ ಬಿದ್ದಿದ್ದ ರೂಮು ಅದು. ಕೊಂಬಿರುವ ಕುದುರೆಗಳ ಚಿತ್ರದ ಅವಳ ಗುಲಾಬಿ ಹೊದಿಕೆ ಹೊದ್ದು, ಕಿವಿಯವರೆಗೆ ಮಂಕಿಕ್ಯಾಪ್ ಎಳೆದುಕೊಂಡು, ಆಯಿಲ್ ಕಂಪನಿಯ ಸೀನಿಯರ್ ಇಂಜಿನಿಯರ್ ಸಾಹೇಬರು ಅಲ್ಲಿ ಮಲಗತೊಡಗಿದರು.

"ಟೆಂಪರರಿ ಅಷ್ಟ," ಎಂದರು. ಅವರು ಹುಬ್ಬಳ್ಳಿಯವರು, ಮಾತು ಕಡಿಮೆ.

ತಪ್ಪು ಅವರದೂ ಅಲ್ಲ, ನನ್ನದೂ ಅಲ್ಲ. ಮುಟ್ಟು ನಿಲ್ಲುವ ಕಾಲ ಬಂದಿತ್ತು. ಮಲಗಿದ ಕೂಡಲೇ ಮೈಯೊಳಗೆ ಯಾರೋ ಬಚ್ಚಲ ಒಲೆಗೆ ಸೌದೆ ತುರುಕಿದ ಹಾಗೆ ಆಗುತ್ತಿತ್ತು. ನಾನು ಹೊದಿಕೆ ಒದೆಯುವುದು, ಇಡೀ ಮನೆಗೆ ಒಂದೇ ಆದ ಏಸಿ ಜೋರು ಮಾಡುವುದು, ಎದ್ದು ಕೂರುವುದು. ಪಕ್ಕದಲ್ಲಿ ಅವರು ಟೆಕ್ಸಸ್‌ನ ಬೇಸಿಗೆಯಲ್ಲಿ ಗಡಗಡ ನಡುಗುವುದು. ಆದರೂ ಅವರು ತಲೆದಿಂಬು ಎತ್ತಿಕೊಂಡು ಹೋದಾಗ ನನಗೆ ಅಳು ಬಂತು. ನಮ್ಮ ಮನೆಯಲ್ಲಿ ಟೆಂಪರರಿ ಎಂದು ಗ್ಯಾರೇಜಿನಲ್ಲಿಟ್ಟ ಹಳೆಯ ಸೋಫಾ ಮಗಳು ಹೈಸ್ಕೂಲಿನಲ್ಲಿದ್ದಾಗಿನಿಂದ ಅಲ್ಲೇ ಇದೆ. ನನಗೆ ನಿದ್ದೆ ಬಂದರೆ ಗಂಡ ವಾಪಸ್ಸು. ಬರದಿದ್ದರೆ ಅವರಿಗೆ ಆ ಕುದುರೆಗಳೇ ಗತಿ, ನನಗೆ ಗೋಡೆಯೇ ಗತಿ.

ಡಲ್ಲಾಸ್ ಕಡೆ ಪ್ರಾಸ್ಪರ್‌ನಲ್ಲಿರುವ ಗೆಳತಿಗೆ ಫೋನ್ ಮಾಡಿ ಗೋಳು ಹೇಳಿಕೊಂಡೆ.

"ಲೇ, ಚೈನೀಸ್ ಡಾಕ್ಟ್ರ ಹತ್ರ ಹೋಗೇ," ಎಂದಳು. "ಸೂಜಿ ಚುಚ್ತಾರೆ, ಕಷಾಯ ಕೊಡ್ತಾರೆ. ನಂಗಂತೂ ಹಾಯಾಗಿ ನಿದ್ದೆ ಬಂತು. ಹೋದ ತಕ್ಷಣ ನಾಲಿಗೆ ನೋಡ್ತಾರೆ, ರೆಡಿಯಾಗಿ ಹೋಗು."

ಆ ಕೊನೆಯ ಮಾತೇ ನನ್ನನ್ನು ಕೆಡಿಸಿತು. ಹೊರಗಿನವರು ನೋಡುತ್ತಾರೆ ಎಂದಮೇಲೆ ಮೈಸೂರಿನವಳಾದ ನಾನು ಸುಮ್ಮನಿರುತ್ತೇನೆಯೇ? ಮದುವೆಯಾಗಿ ಹೊರಟಾಗ ಅಮ್ಮ ಪೆಟ್ಟಿಗೆಗೆ ಹಾಕಿಕೊಟ್ಟಿದ್ದ ತಾಮ್ರದ ನಾಲಿಗೆ ಹೆರೆಯುವ ಪಟ್ಟಿಯಿಂದ ದಿನಾ ಹೆರೆಯುತ್ತಿದ್ದೆ, ಅವತ್ತು ಉಜ್ಜಿ ಉಜ್ಜಿ ಪಾಲಿಶ್ ಮಾಡಿದೆ. ಆ ಕೆಲಸ ನಾನು ಸದ್ದಿಲ್ಲದೆ ಮಾಡುವವಳಲ್ಲ. 'ವ್ಯಾಕ್' ಎಂದರೆ ಪಕ್ಕದ ಮನೆಯ ನಾಯಿ ಬೊಗಳುತ್ತದೆ.

ನಮ್ಮವರ ಅಂಗಡಿಗಳಿರುವ ಹಿಲ್‌ಕ್ರಾಫ್ಟ್ ರಸ್ತೆಗೆ ತೊಗರಿಬೇಳೆ ತರಲು ಹೋಗುವ ದಾರಿಯಲ್ಲಿ ಚೈನೀಸ್ ಅಂಗಡಿಗಳ ಸಾಲು ಸಿಗುತ್ತದೆ. ಅಲ್ಲೊಂದು ಬೇಕರಿಯ ಪಕ್ಕ ಆ ಡಾಕ್ಟರಮ್ಮನ ಕ್ಲಿನಿಕ್ಕು. ಹೆಚ್ಚುಕಡಿಮೆ ನನ್ನದೇ ವಯಸ್ಸು. ಎರಡೂ ಕೈಗಳ ನಾಡಿ ಹಿಡಿದು ಬಹಳ ಹೊತ್ತು ಕೂತರು. ಆಮೇಲೆ ನಾಲಿಗೆ ಚಾಚಲು ಹೇಳಿದರು. ನಾನು ಧಾರಾಳವಾಗಿ ಚಾಚಿದೆ.

"ಪೂರ್ತಿ ಬೋಳು," ಎಂದರು ಆಕೆ, ತೀರಾ ಬೇಜಾರಿನಿಂದ.

ನಾನು ಸರ್ಟಿಫಿಕೇಟ್ ಸಿಕ್ಕವಳ ಹಾಗೆ ನಕ್ಕೆ. ಮೈಯ ತಂಪೆಲ್ಲ ಒಣಗಿಹೋಗಿದೆ, ಅದಕ್ಕೇ ಸೆಕೆ, ಅದಕ್ಕೇ ನಿದ್ದೆಗೇಡು ಎಂದು ಆಕೆ ವಿವರಿಸಿದರು. ಕಾಫಿ ಕುಡಿಯುತ್ತೀರಾ ಎಂದು ಕೇಳಿದರು. ಇಲ್ಲ ಎಂದೆ. ಮನೆಯ ಫಿಲ್ಟರ್ ಕಾಫಿಯನ್ನೆಲ್ಲ ನಮ್ಮ ಕಡೆ ಲೆಕ್ಕಕ್ಕೆ ಹಿಡಿಯುವುದಿಲ್ಲ. ಹಣೆಯ ಬೊಟ್ಟು ತೆಗೆಸಿ ಸರಿಯಾಗಿ ಅದೇ ಜಾಗಕ್ಕೆ ಒಂದು ಸೂಜಿ ಚುಚ್ಚಿದರು. ತೆಗೆದ ಬೊಟ್ಟನ್ನು ನಾನು ಅಭ್ಯಾಸಬಲದಿಂದ ಅವರ ಕನ್ನಡಿಗೆ ಅಂಟಿಸಿ ಅಲ್ಲೇ ಮರೆತು ಬಂದೆ. ಸೂಜಿ ನೋಯಲಿಲ್ಲ. ಹೇಳಬೇಕೆಂದರೆ, ಅಷ್ಟು ದಿನಗಳಲ್ಲಿ ನಾನು ಕದಲದೆ ಮಲಗಿದ್ದು ಅಲ್ಲೇ.

ಕಷಾಯದ ಕತೆ ಬೇರೆ. ಬೋರೆಹಣ್ಣಿನ ಬೀಜದಂಥವು, ಟಾರಿನಂಥ ಕಪ್ಪು ಬೇರು, ಇನ್ನೇನೇನೋ. ಸಂಜೆ ಕುದಿಸಲು ಇಟ್ಟರೆ ಮನೆಯೆಲ್ಲ ನೆನೆದ ಗೋಣಿಚೀಲದ ವಾಸನೆ.

"ಏನ ಕುದಸಾಕತ್ತೀ? ಚಪ್ಪಲಿ ಏನು?" ಎಂದು ಗಂಡ ಮಹಡಿಯಿಂದಲೇ ಕೇಳಿದರು.

ಮೂಗು ಹಿಡಿದು ಕುಡಿದೆ. ಹೊಟ್ಟೆ ನಗಾರಿಯಾಯಿತು. ಬರುತ್ತಿದ್ದ ಚೂರುಪಾರು ನಿದ್ದೆಯೂ ಕೈಬಿಟ್ಟಿತು.

ಮತ್ತೆ ಹೋದಾಗ ಡಾಕ್ಟರಮ್ಮ ಟಾರ್ಚ್ ಹಿಡಿದು ನಾಲಿಗೆ ನೋಡಿದರು. ಅದು ಎಂದಿನಂತೆ ಲಕಲಕ. ಇಷ್ಟು ಔಷಧಿ ಕುಡಿದರೂ ಎಳ್ಳಷ್ಟೂ ಬದಲಾಗಿಲ್ಲವಲ್ಲ ಎಂದು ಚಿಂತಿಸಿ, "ಬೆಳಿಗ್ಗೆ ಎದ್ದು ಬಾಯಿಗೆ ಏನಾದರೂ ಮಾಡುತ್ತೀರಾ?" ಎಂದರು. ನಾನು ಹೆಮ್ಮೆಯಿಂದ ಕೈಸನ್ನೆ ಸಮೇತ ತೋರಿಸಿಕೊಟ್ಟೆ.

ಆಕೆ ತಲೆಯ ಮೇಲೆ ಕೈ ಇಟ್ಟುಕೊಂಡರು. "ಆ ಬಿಳಿ ಪದರ ನೋಡಿಯೇ ನಾನು ಔಷಧಿ ಕೊಡುವುದು. ನೀವು ಸ್ಲೇಟು ಒರೆಸಿ ತಂದು ಓದು ಅಂದರೆ ಏನು ಓದಲಿ? ಹೆರೆಯದೆ ಬನ್ನಿ."

ಹೆರೆಯದೆ! ಹಳಸಿದ ಬಾಯಿ ಇಟ್ಟುಕೊಂಡು ಪರರ ಮುಂದೆ ನಾಲಿಗೆ ಚಾಚುವುದೇ! ಅಮ್ಮನಿಗೆ ಗೊತ್ತಾದರೆ ಫೋನಿನಲ್ಲೇ ಸ್ನಾನ ಮಾಡಿಸಿಯಾಳು. ಆದರೆ ಹಾಸಿಗೆಯ ಆ ಖಾಲಿ ಪಕ್ಕ ನೆನಪಾಗಿ ಒಪ್ಪಿಕೊಂಡೆ.

ಹೋಗಬೇಕಾದ ದಿನ ಬೆಳಿಗ್ಗೆ ಹಲ್ಲುಜ್ಜಿ, ತಾಮ್ರದ ಪಟ್ಟಿ ಕೈಗೆತ್ತಿಕೊಂಡು, ನಿಟ್ಟುಸಿರು ಬಿಟ್ಟು ಕೆಳಗಿಟ್ಟೆ. ಬಾಯಿ ನನ್ನದೇ ಅಲ್ಲ ಅನಿಸುತ್ತಿತ್ತು. ಅಷ್ಟರಲ್ಲಿ ಹಜಾರದಲ್ಲಿ ದಡದಡ ಸದ್ದು. ಬಾತ್‌ರೂಮಿನ ಬಾಗಿಲು ದೂಡಿಕೊಂಡು ಗಂಡ ನುಗ್ಗಿದರು. ತಲೆಯಲ್ಲಿ ಮಂಕಿಕ್ಯಾಪ್, ಕಾಲಿಗೆ ಸುತ್ತಿಕೊಂಡ ಗುಲಾಬಿ ಕುದುರೆಗಳು, ಮುಖ ಬಿಳಿಚಿತ್ತು.

"ಏನಾತು? ಆರಾಮ ಇದ್ದೀ ಇಲ್ಲೋ?"

"ಯಾಕ್ರೀ, ಏನಾಗಿದೆ ನಂಗೆ?"

"ಸಪ್ಪಳನ ಇಲ್ಲಲ್ಲ! ದಿನಾ ಇಷ್ಟೊತ್ತಿಗೆ ವ್ಯಾಕ್ ಅಂತೀ. ಅದು ಕೇಳಿದ ಮ್ಯಾಲ ನನಗ ಸಮಾಧಾನ ಆಗಿ ಒಂದೀಟು ಕಣ್ಣು ಹತ್ತತಾವ. ಇವತ್ತ ಕೇಳಲಿಲ್ಲ, ಅಂಜಿಬಿಟ್ಟೆ ನೋಡು."

"ಅಂದ್ರೆ, ರಾತ್ರಿ ನಿಮಗೂ ನಿದ್ದೆ ಇಲ್ವಾ?"

"ಎಲ್ಲೀ ನಿದ್ದಿ? ಈ ಕುದರಿ ಎಣಸಕೋತ ಬಿದ್ದಿರತೇನಿ."

ನನಗೆ ಸಿಟ್ಟು ನೆತ್ತಿಗೇರಿತು. "ಮತ್ತೆ ವಾಪಸ್ ಬರೋಕೇನ್ರೀ ಧಾಡಿ? ಚಳಿ ಅಂತ ಓಡಿಹೋದವರು ನೀವು!"

"ಚಳಿಗೆ ಯಾರು ಹೋಗ್ತಾರ? ಚಳಿಗೆ ಟೊಪಿಗಿ ಐತಿ." ಅವರು ಕುದುರೆಗಳನ್ನು ಕಾಲಿಂದ ಬಿಡಿಸಿಕೊಳ್ಳುತ್ತ ನೆಲ ನೋಡಿಕೊಂಡೇ ಹೇಳಿದರು, "ನಾ ನಡಗೂದು ನೋಡಿ ನೀ ಏಸಿ ಬಂದ್ ಮಾಡಿ ಬೆವರಕೋತ ಕುಂದರತಿದ್ದಿ. ನಾ ಇಲ್ಲಂದ್ರ ನಿನಗರ ನಿದ್ದಿ ಹತ್ತಲಿ ಅಂತ ಹೋದೆ."

ನನಗೆ ಅಳು ಬಂತು, ನಗುವೂ ಬಂತು. ಎರಡನ್ನೂ ಬಾಯಿ ಬಿಗಿಮುಚ್ಚಿಕೊಂಡೇ ಮಾಡಿದೆ. ನಾಲಿಗೆ ಹೆರೆದಿರಲಿಲ್ಲವಲ್ಲ.

ಡಾಕ್ಟರಮ್ಮ ಅವತ್ತು ನಾಲಿಗೆ ನೋಡಿದ ಕೂಡಲೇ ಆಡಿದ ಮೊದಲ ಮಾತು, "ಕಾಫಿ." ಕಂದು ಬಣ್ಣದ ದಪ್ಪ ಪದರ ನನ್ನ ಮರ್ಯಾದೆ ತೆಗೆದಿತ್ತು. ಕಪ್ಪು ಬೇರು ಬಿಡಿಸಿದರು, ಬೇರೇನೋ ಸೇರಿಸಿದರು, ಸಂಜೆಯ ಕಾಫಿಗೆ ಕತ್ತರಿ ಹಾಕಿದರು. ಕನ್ನಡಿಯ ಮೇಲಿದ್ದ ನನ್ನ ಬೊಟ್ಟನ್ನು ಜೋಪಾನವಾಗಿ ತೆಗೆದುಕೊಟ್ಟರು.

ನಿದ್ದೆ ಒಂದೇ ಸಲ ಧುಮುಕಿ ಬರಲಿಲ್ಲ, ಸ್ವಲ್ಪಸ್ವಲ್ಪವಾಗಿ ಬಂತು. ಕಷಾಯದಿಂದಲೋ, ಸೂಜಿಯಿಂದಲೋ, ಕಾಫಿ ಬಿಟ್ಟದ್ದರಿಂದಲೋ ನನಗೆ ಗೊತ್ತಿಲ್ಲ. ಗಂಡ ಮಾತ್ರ ಅವತ್ತೇ ವಾಪಸ್ ಬಂದಿದ್ದರು, ಮಂಕಿಕ್ಯಾಪ್ ಮತ್ತು ಕುದುರೆಗಳ ಸಮೇತ. ಈಗ ಬೆಳಿಗ್ಗೆ ನಾನು ವ್ಯಾಕ್ ಎಂದರೆ ಹಾಸಿಗೆಯಿಂದ, "ಸಾಕ ಮಾಡ ತಾಯಿ, ಮಲಗಗೊಡು," ಎಂದು ಗೊಣಗುತ್ತಾರೆ. ನಾನು ಇನ್ನೊಂದು ಸಲ ಜೋರಾಗಿ ಹೆರೆಯುತ್ತೇನೆ.