ಎರಡನೆಯ ಸಲ ಉಕ್ಕಿಸಿದ ಹಾಲು

ವರ್ಲ್ಡ್ ಕಪ್ ವರ್ಷ ದೋಹಾದ ಮನೆ ಮಾಲೀಕರಿಗೆಲ್ಲ ಕೊಂಬು ಬಂದಿತ್ತು. ಪಂದ್ಯ ನೋಡಲು ಬರುವವರಿಗೆ ಕೊಡಬೇಕೆಂದು ನಮ್ಮ ಫ್ಲ್ಯಾಟನ್ನೂ ಬಿಡಿಸಿಕೊಂಡರು. ಬೈದುಕೊಳ್ಳುತ್ತಲೇ ಗಂಟುಮೂಟೆ ಕಟ್ಟಿ ಬಿನ್ ಮಹಮೂದ್ ಬಡಾವಣೆಯ ಹಳೆಯ ಕಟ್ಟಡವೊಂದಕ್ಕೆ ಬಂದೆವು. ಅಪ್ಪ ತೀರಿಕೊಂಡ ಮೇಲೆ ಅಮ್ಮ ಮೊದಲ ಸಲ ಮೈಸೂರಿನಿಂದ ನನ್ನ ಹತ್ತಿರ ಬಂದಿದ್ದಳು.

ಹೊಸ ಮನೆಯಲ್ಲಿ ಹಾಲು ಉಕ್ಕಿಸಬೇಕು. ಅಮ್ಮ ಅಡುಗೆಮನೆಯ ಬಾಗಿಲಲ್ಲೇ ನಿಂತುಬಿಟ್ಟಳು.

"ನೀನೇ ಉಕ್ಕಿಸು ಪುಟ್ಟಿ. ಮನೇಲಿ ಮುತ್ತೈದೆ ಇರೋವಾಗ ನಾನ್ಯಾಕೆ?"

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ನನಗೆ ಹಾಲು ಕಾಯಿಸಿ ಕೊಟ್ಟು ಬೆಳೆಸಿದ ಕೈ ಅದು, ಈಗ ಅದಕ್ಕೇನು ಬಂತು?

"ನೀನು ಉಕ್ಕಿಸಿದ್ರೆ ಈ ಮನೇಲಿ ಅಡುಗೆ. ಇಲ್ಲಾಂದ್ರೆ ದಿನಾ ಹೋಟ್ಲೇ ಗತಿ" ಎಂದೆ.

ಅಮ್ಮ ಹೆದರುತ್ತಲೇ ಉಕ್ಕಿಸಿದಳು. ಹಾಲು ಪಾತ್ರೆ ತುಂಬಿ ಬರ್ನರ್ ಮೇಲೆ ಧಾರಾಳವಾಗಿ ಸುರಿಯಿತು, ಬೆಂಕಿ ಆರಿತು. ಒಲೆ ಒರೆಸಿ ಪಾಯಸಕ್ಕಿಡೋಣವೆಂದು ನಾಬ್ ತಿರುಗಿಸಿದರೆ ಬರೀ ಟಿಕ್ ಟಿಕ್. ಲೈಟರ್ ಹಿಡಿದರೆ ಹತ್ತುತ್ತಿತ್ತು, ಒತ್ತಿ ಹಿಡಿದ ನಾಬನ್ನು ಬಿಟ್ಟರೆ ಆರಿಹೋಗುತ್ತಿತ್ತು. ತಿರುಗಿ ನೋಡಿದರೆ ಅಮ್ಮ ಅಲ್ಲಿರಲಿಲ್ಲ. ಕೋಣೆಯಲ್ಲಿ ಮಂಚದ ತುದಿಗೆ ಕೂತಿದ್ದಳು.

"ನಾನು ಹೇಳ್ದೆ, ನೀನು ಕೇಳ್ಲಿಲ್ಲ. ನನ್ನ ಕೈ ಒಳ್ಳೇದಲ್ಲ ಕಣೆ."

ವಾಚ್‌ಮನ್‌ಗೆ ಫೋನ್ ಮಾಡಿದರೆ "ಮೆಕ್ಯಾನಿಕ್ ಬುಕ್ರಾ ಆಯೇಗಾ ಮೇಡಂ" ಎಂದ. ದೋಹಾದ 'ಬುಕ್ರಾ' ಅಂದರೆ ನಮ್ಮೂರಿನ 'ನಾಳೆ ಬಾ'. ಅಲ್ಲಿಯವರೆಗೆ ಅಮ್ಮ ಆ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡು ಕೊರಗಲು ನಾನು ಬಿಡುವವಳಲ್ಲ. ಒಲೆಯೇನು ಬ್ರಹ್ಮವಿದ್ಯೆಯೇ?

ಮೊದಲು ಪಕ್ಕದ ಬರ್ನರ್ ಹಚ್ಚಿದೆ. ತಕ್ಷಣ ಹತ್ತಿತು. ಅಂದಮೇಲೆ ಸಿಲಿಂಡರ್ ಸರಿ, ಪೈಪ್ ಸರಿ, ಕಾಯಿಲೆ ಈ ಒಂದಕ್ಕೆ ಮಾತ್ರ. ಸಿಲಿಂಡರ್ ಬಂದ್ ಮಾಡಿ, ಕಿಟಕಿ ತೆರೆದು, ಒಲೆ ತಣ್ಣಗಾದ ಮೇಲೆ ಬರ್ನರಿನ ಮುಚ್ಚಳ ಎತ್ತಿದೆ. ಕಿಡಿ ಹಾರಿಸುವ ಬಿಳಿ ಕಡ್ಡಿಯ ಬುಡದಲ್ಲಿ ಹಾಲು ನಿಂತಿತ್ತು. ಅದರ ಪಕ್ಕದಲ್ಲೊಂದು ಪುಟ್ಟ ಲೋಹದ ಕಡ್ಡಿಯಿರುತ್ತದೆ. ಅದಕ್ಕೆ ಬೆಂಕಿಯ ಬಿಸಿ ತಗುಲಿದರೆ ಮಾತ್ರ ಗ್ಯಾಸ್ ಹರಿಯುತ್ತದೆ, ಇಲ್ಲದಿದ್ದರೆ ತಾನೇ ನಿಲ್ಲುತ್ತದೆ. ಅದರ ಸುತ್ತ ಸೀದ ಹಾಲು ಕರ್ರಗೆ ಹೆಪ್ಪುಗಟ್ಟಿತ್ತು.

"ಅಮ್ಮಾ, ಇಲ್ಲಿ ಬಾ" ಎಂದು ಕರೆದೆ. ಬಂದಳು. ಬರ್ನರಿನ ತೂತಿನಿಂದ ಪಿನ್ನಿನಲ್ಲಿ ತೆಗೆದದ್ದನ್ನು ಅವಳ ಅಂಗೈಗೆ ಹಾಕಿದೆ.

"ಇದು ನಿನ್ನ ಹಣೆಬರಹ ಅಲ್ಲ. ಕೆನೆ."

ಅಮ್ಮ ಅದನ್ನು ಬೆರಳಲ್ಲಿ ಉಜ್ಜಿ ಮೂಸಿದಳು. ಕೋಣೆಗೆ ವಾಪಸ್ ಹೋಗಲಿಲ್ಲ. ನಾನು ಹಳೆಯ ಟೂತ್‌ಬ್ರಷ್ಷಿನಲ್ಲಿ ಕಡ್ಡಿಗಳನ್ನು ಉಜ್ಜಿದೆ, ಅವಳು ಬರ್ನರ್ ತೊಳೆದಳು. ಕೊನೆಗೆ ನನ್ನ ಹೇರ್ ಡ್ರೈಯರ್ ಹಿಡಿದು ಎಲ್ಲವನ್ನೂ ಒಣಗಿಸಿದೆವು.

ಸಿಲಿಂಡರ್ ತೆರೆದು ನಾನು ಹಿಂದೆ ಸರಿದೆ. "ನೀನು ಹಚ್ಚು" ಎಂದೆ.

ಅಮ್ಮ ಸೆರಗಿಗೆ ಕೈ ಒರೆಸಿಕೊಂಡು ನಾಬ್ ಒತ್ತಿ ತಿರುಗಿಸಿದಳು. ಟಿಕ್ ಎಂದಿತು, ಹತ್ತಿತು. ಸ್ವಲ್ಪ ಹೊತ್ತು ಹಾಗೇ ಹಿಡಿದಿದ್ದು ಬೆರಳು ಸಡಿಲಿಸಿದಳು. ಬೆಂಕಿ ಆರಲಿಲ್ಲ. ಅಮ್ಮ ಅದನ್ನೇ ನೋಡುತ್ತಿದ್ದಳು.

"ಇನ್ನೊಂದ್ಸಲ ಉಕ್ಕಿಸ್ತೀನಿ ಪುಟ್ಟಿ. ಆಗ್ಲೇ ಹೆದರ್ಕೊಂಡು ಮಾಡಿದ್ದು. ಅದು ಲೆಕ್ಕಕ್ಕಿಲ್ಲ."

ಅಷ್ಟು ಹೊತ್ತು ಉಜ್ಜಿ ಒಣಗಿಸಿದ ಬರ್ನರ್. ಬೇರೆ ಯಾರಾದರೂ ಕೇಳಿದ್ದರೆ ರೇಗಿಬಿಡುತ್ತಿದ್ದೆ. ಫ್ರಿಜ್ಜಿನಲ್ಲಿದ್ದ ಹಾಲನ್ನೆಲ್ಲ ತೆಗೆದು ಅವಳ ಕೈಗೆ ಕೊಟ್ಟೆ.