ಭಾತಂಬ್ರಾದ ಹೊರಗೇ ಇಳಿಯುವ ಸೈಕಲ್ ಸವಾರ

ಬೆಳಗಿನ ಆರಕ್ಕೆ ಭಾತಂಬ್ರಾ ಇನ್ನೂ ಪೂರ್ತಿ ಎದ್ದಿಲ್ಲ. ಊರು ಅರ್ಧ ಮೈಲಿ ಇರುವಾಗಲೇ ಹಾವಗೆಪ್ಪ ಸೈಕಲ್ಲಿನಿಂದ ಇಳಿಯುತ್ತಾರೆ. ಅದನ್ನು ಯಾರದೋ ಹೊಲದಲ್ಲಿ ಜೋಳದ ಕಣಿಕೆ ಬಣವೆಯ ಹಿಂದೆ ಒರಗಿಸಿ, ಒದ್ದೆ ಬಟ್ಟೆ ಸುತ್ತಿದ ಮಡಕೆಯನ್ನು ಬಗಲಲ್ಲಿಟ್ಟು ನಡೆಯುತ್ತಾರೆ. ಮಡಕೆಯಲ್ಲಿ ಸಿಡುಬಿನ ಲಸಿಕೆಯ ಗಾಜಿನ ನಳಿಗೆಗಳಿವೆ. ಬಿಸಿಲೇರಿದರೆ ಲಸಿಕೆ ಕೆಡುತ್ತದೆ. ಅವಸರದ ಕೆಲಸ, ಆದರೂ ಈ ಒಂದು ಊರಿಗೆ ಮಾತ್ರ ಅವರು ಬರುವುದು ಕಾಲ್ನಡಿಗೆಯಲ್ಲಿ.

ಭಾಲ್ಕಿ ಕಡೆ ಟೀಕಾ, ಅಂದರೆ ಲಸಿಕೆ, ಹಾಕುವ ಹಾವಗೆಪ್ಪ ಔರಾದಿನ ಕುರಿಗಾರರ ಮನೆಯವರು. ಪಾಲಿಗೆ ಬಂದದ್ದು ಮೂವತ್ತೊಂದು ಹಳ್ಳಿ. ಪ್ರತಿ ಹಳ್ಳಿಗೂ ಎರಡು ಸಲ ಹೋಗಬೇಕು. ತೋಳು ಗೀರಿ ಲಸಿಕೆ ಹಚ್ಚಿದ ಎಂಟನೆಯ ದಿನ ಮತ್ತೆ ಬಂದು ತೋಳು ನೋಡಿ, ಗುಳ್ಳೆ ಎದ್ದಿಲ್ಲವಾದರೆ ಇನ್ನೊಮ್ಮೆ ಗೀರಬೇಕು. ಕಳೆದ ವರ್ಷ ಗೀರಿದ ತೋಳುಗಳು ನಾಲ್ಕು ಸಾವಿರ ದಾಟಿವೆ. ತಿಂದ ಬೈಗುಳಕ್ಕೆ ಸರಕಾರಿ ನಮೂನೆಯಲ್ಲಿ ಜಾಗವಿಲ್ಲ. "ಕುರಿ ಒಂದ ಕೈಲೆ ಹಿಡೀತೇನ್ರಿ, ಕೂಸನ್ನೂ ಹಿಡೀತೇನಿ. ಕೂಸಿನ ಅವ್ವನ್ನ ಹಿಡಿಯೋರು ಯಾರು?" ಎನ್ನುತ್ತಾರೆ.

ನಿಜಾಮನ ರಾಜ್ಯಕ್ಕೆ ಭಾರತದ ಸೇನೆ ನುಗ್ಗಿದ ಪೊಲೀಸ್ ಆಕ್ಷನ್ ಮುಗಿದ ಮರುಬೇಸಿಗೆಯಲ್ಲಿ, ನಡೆದು ಸೋತು, ಸೈಕಲ್ ಕೊಳ್ಳುವ ಮನಸ್ಸು ಮಾಡಿದರು. ಬೀದರಿನ ಅಂಗಡಿಯಲ್ಲಿ ಹೊಸದಿತ್ತು; ಇದ್ದುದರಲ್ಲಿ ಅಗ್ಗದ್ದು, ಆದರೂ ಐದು ತಿಂಗಳ ಪಗಾರ. ಭಾಲ್ಕಿಯ ಸಂತೆಯಲ್ಲಿ ಹಳೆಯದೊಂದು, ಗಟ್ಟಿಮುಟ್ಟಾದ ವಿಲಾಯತಿ ಮಾಲು, ಒಂದೇ ತಿಂಗಳ ಪಗಾರಕ್ಕೆ. ಆ ವರ್ಷ ಸಂತೆಯಲ್ಲಿ ಹಳೆಯದೆಲ್ಲ ಸೋವಿ: ಪಲ್ಲಂಗ, ಹೊಲಿಗೆ ಯಂತ್ರ, ಪಾನದಾನ. ಸತ್ತ, ಓಡಿಹೋದ ಮುಸಲ್ಮಾನರ ಮನೆಗಳಿಂದ ಬಂದದ್ದೆಂದು ಎಲ್ಲರಿಗೂ ಗೊತ್ತಿತ್ತು. ಕೇಳುವ ರೂಢಿ ಮಾತ್ರ ಇರಲಿಲ್ಲ.

ಹೆಂಡತಿ ಕಾಂತಾಬಾಯಿ ಕೇಳಿದರು. "'ಹೊಸಾದು ತಗೋರಿ, ಹಳೀದು ಯಾರ ಮನಿ ಬಾಗಲಾ ಮುರದು ತಂದದ್ದೋ' ಅಂದ್ಳು. 'ಬಾಗಲಾ ನಾ ಮುರದಿಲ್ಲಲ್ಲ' ಅಂದೆ. ಆಕಿ ಎದ್ದು ಒಳಗ ಹೋದ್ಳು. ನಾ ಗೆದ್ದೆ ಅನ್ಕೊಂಡೆ."

ಲೂಟಿಯ ಮಾಲು ಕೊಂಡ ಜಾಣರು ಅದನ್ನು ಒಳಕೋಣೆಯಲ್ಲಿ ಇಟ್ಟುಕೊಳ್ಳುತ್ತಾರೆ. ಊರೂರಿನ ಬಾಗಿಲು ತಟ್ಟುವುದೇ ಕಸುಬಾದ ಹಾವಗೆಪ್ಪ ಅದನ್ನೇರಿ ಹಳ್ಳಿ ಸುತ್ತಿದರು.

ಸೈಕಲ್ಲಿನ ಮುಂದಿನ ಸರಳಿಗೆ ಕೂಸು ಕೂಡುವಂಥ ಒಂದು ಪುಟ್ಟ ಹಲಗೆ ಬಿಗಿದಿತ್ತು. ಮಡಕೆ ಕಟ್ಟಲು ಅನುಕೂಲವೆಂದು ಅವರು ಅದನ್ನು ಬಿಚ್ಚಿರಲಿಲ್ಲ. ಭಾತಂಬ್ರಾದಲ್ಲಿ ವಹೀದಾ ಎಂಬವರ ಐದು ವರ್ಷದ ಮಗಳು ಸೂಜಿ ಕಂಡು ಓಡಿದವಳು, ನೇರ ಸೈಕಲ್ಲಿನ ಹತ್ತಿರ ಹೋಗಿ, ಮಡಕೆ ಸರಿಸಿ, ಹಲಗೆಯ ಮೇಲೆ ಹತ್ತಿ ಕುಳಿತಳು. ಗಂಟೆ ಬಾರಿಸಿದಳು. "ಅಮ್ಮೀ, ಅಬ್ಬಾ ಎಲ್ಲಿ?"

ಅವಳ ಅಬ್ಬಾ ಮುಜೀಬೋದ್ದೀನ ಪೊಲೀಸ್ ಆಕ್ಷನ್ನಿನ ಆ ಸೆಪ್ಟೆಂಬರಿನಲ್ಲಿ ಮನೆ ಬಿಟ್ಟವರು ಮರಳಿಲ್ಲ. ಅಂಗಳದಲ್ಲಿದ್ದ ಸೈಕಲ್ ಮರುದಿನವೇ ಲೂಟಿಯಾಗಿತ್ತು.

"ಇಳಿ ಬೇಟಾ," ಎಂದರು ವಹೀದಾ. "ಅದು ಟೀಕಾ ಸಾಬರ ಸೈಕಲ್." ಆಮೇಲೆ ಮಗಳ ತೋಳನ್ನು ತಾವೇ ಹಿಡಿದು ಮುಂದೆ ಚಾಚಿದರು.

ಎಂಟನೆಯ ದಿನ ಹೋಗಲೇಬೇಕಿತ್ತು. ಹಾವಗೆಪ್ಪ ನಡೆದೇ ಹೋದರು.

"ಸೈಕಲ್ ಎಲ್ಲಿ ಟೀಕಾ ಸಾಬ್?" ಕೇಳಿದರು ವಹೀದಾ.

"ಕೆಟ್ಟದ್ರಿ, ಬಾಯಿ."

"ಅದು ಕೆಡೂವಂಥಾದ್ದಲ್ಲ."

ಆಮೇಲೊಮ್ಮೆ, ಸೈಕಲ್ ತಿರುಗಿ ಕೊಡುತ್ತೇನೆಂದು ಹಾವಗೆಪ್ಪ ಕೈ ಮುಗಿದದ್ದೂ ಉಂಟು. "'ನಮ್ಮ ಮನ್ಯಾಗ ಈಗ ತುಳಿಯೋರು ಯಾರದಾರ, ನೀವೇ ಇಟ್ಕೋರಿ' ಅಂದ್ರು. ಬೈದಿದ್ರ ಚಲೋ ಇತ್ತು." ಅಂದಿನಿಂದ ಆ ಹುಡುಗಿಯ ಕಣ್ಣಿಗೆ ಸೈಕಲ್ ಬೀಳಬಾರದೆಂದು ಈ ಬಣವೆಯ ಮರೆ.

ಎರಡು ವರ್ಷದಿಂದ ಅವರ ಹಳ್ಳಿಗಳಲ್ಲಿ ಸಿಡುಬಿಗೆ ಒಂದು ಕೂಸೂ ಬಲಿಯಾಗಿಲ್ಲ. ಹೆಮ್ಮೆಯಲ್ಲವೇ ಎಂದರೆ ಹಾವಗೆಪ್ಪ ಮಡಕೆಯ ಬಟ್ಟೆಗೆ ನೀರು ಚಿಮುಕಿಸುತ್ತಾರೆ. ಏನಾದರೂ ಆಸೆ? ಬಡ್ತಿ? ಔರಾದಿಗೆ ವರ್ಗ?

"ಲೂಟಿ ಮಾಲಂತ ತಗೊಳ್ಳಾಗ ನಿಮಗ ಗೊತ್ತಿತ್ತೇನು ಅಂತ ಆ ಬಾಯಿ ಇವತ್ತಿನ ತನಕ ಕೇಳಿಲ್ರಿ. ಮೊದಲೆಲ್ಲ, ಕೇಳಿದ್ರ 'ಇಲ್ಲ' ಅನ್ನಬೇಕಂತ ತಯಾರಿದ್ದೆ. ಈಗ ಒಮ್ಮೆ ಕೇಳ್ಲಿ ಅನಸ್ತದ. 'ಗೊತ್ತಿತ್ತು' ಅಂತೇನಿ."