ಕೆಂಪಯ್ಯನ ಎಡೆಗೆ ಗೆಂಡೆ ಮೀನು

ಮಂಚಮ್ಮನ ಗಂಡ ಕೆಂಪಯ್ಯ ಮಾತು ಕಡಿಮೆಯ ಮನುಷ್ಯ. ಮೀನಿನ ಸಾರಿನ ಮುಂದೆ ಕೂತರೆ ಅದೂ ಇಲ್ಲ. ದುದ್ದದ ಕಡೆಯ ಊರಕೆರೆಯಲ್ಲಿ ಅವನು ಬಲೆ ಬೀಸಿದ, ಇವಳು ಮೀನಿನ ಬೋಗುಣಿ ಹೊತ್ತು ಊರೂರು ಮಾರಿದಳು. ಮೂವತ್ತೊಂದು ವರ್ಷ. ಹೋದ ಕಾರ್ತೀಕದಲ್ಲಿ ಅವನು ತೀರಿಕೊಂಡ. ಬಲೆ ಗೋಡೆಯ ಮೊಳೆಯಲ್ಲೇ ಉಳಿಯಿತು. ಮಂಚಮ್ಮ ಅದನ್ನು ಮುಟ್ಟಲಿಲ್ಲ, ಯಾರನ್ನೂ ಮುಟ್ಟಗೊಡಲೂ ಇಲ್ಲ.

ಬೇಸಿಗೆಯಲ್ಲಿ ಕೆರೆಯ ಪಕ್ಕ ಭತ್ತ ಬೇಯಿಸುವ ಮಿಲ್ ಬಂತು. ಅದರ ಬಿಸಿನೀರು ಕಾಲುವೆ ಹಿಡಿದು ಕೆರೆಗೆ ಬಿತ್ತು. ಮೀನುಗಳು ಬಾಯಿ ಬಿಟ್ಟುಕೊಂಡು ಮೇಲೆ ಬಂದವು, ಉಸಿರು ಸಿಕ್ಕದೆ ಹೊಟ್ಟೆ ಮೇಲಾದವು. ಬೆಳ್ಳಕ್ಕಿಗಳಿಗೆ ಒಂದು ತಿಂಗಳು ಹಬ್ಬವೋ ಹಬ್ಬ. ಆಮೇಲೆ ಎಲ್ಲೋ ಒಂದೆರಡು ಮೀನು ಬಿಟ್ಟರೆ ತಿನ್ನಲು ಏನೂ ಇಲ್ಲದೆ ಅವೂ ಹೋದವು. ಊರ ಹೆಂಗಸರಿಗೆ ಮಾತ್ರ ಖುಷಿ.

"ಸೌದೆ ಇಲ್ದಂಗೆ ಬಿಸ್ನೀರು ಕಣೆ, ನೀನೂ ಬಟ್ಟೆ ತತ್ತಾ," ಎಂದಳು ಪಕ್ಕದ ಮನೆಯ ದೇವಿರಮ್ಮ.

"ನಿನ್ನೇ ಅದ್ಬುಡ್ತೀನಿ ತಡಿ, ಮೀನಿನ್ ಕಷ್ಟ ಗೊತ್ತಾಯ್ತದೆ."

ಪಿತೃಪಕ್ಷ ಹತ್ತಿರ ಬಂತು. ಕೆಂಪಯ್ಯನಿಗೆ ಮೊದಲ ಎಡೆ. ಗೆಂಡೆ ಮೀನಿಲ್ಲದೆ ಎಡೆಯೇ? ಅದೂ ಬೇರೆ ಊರಿನ ಮೀನನ್ನು ಅವನು ಬಾಯಿಗಿಟ್ಟವನಲ್ಲ. ಮಂಚಮ್ಮ ಮಿಲ್ಲಿನ ಮ್ಯಾನೇಜರ್ ಯತೀಶನ ಮುಂದೆ ಹೋಗಿ ನಿಂತಳು.

"ಅದ್ರಲ್ಲಿ ವಿಷ ಗಿಷ ಏನೂ ಇಲ್ಲ ಕಣಮ್ಮ. ಬರೀ ಬಿಸ್ನೀರು. ಕೈಕಾಲ್ ನೋವಿಗೆ ಒಳ್ಳೇದು."

"ಮೀನಿಗೆ ಕೈಕಾಲು ಎಲ್ಲಿದ್ದಾವಪ್ಪಾ?"

"ಹಂಗಾದ್ರೆ ನೋವೂ ಇಲ್ಲ ಬುಡು," ಎಂದು ನಕ್ಕ.

ಮಂಚಮ್ಮನೂ ನಕ್ಕಳು. "ಎಡೆ ದಿನ ಉಣ್ಣಾಕೆ ಬಾರಪ್ಪ," ಎಂದಳು. ಅವನು ಒಪ್ಪಿದ.

ಅವತ್ತು ಕೆಂಪಯ್ಯನ ಫೋಟೋಕ್ಕೆ ಎಡೆ ಇಟ್ಟು, ಕರೆದವರನ್ನೆಲ್ಲ ಸಾಲಾಗಿ ಕೂರಿಸಿದಳು. ಯತೀಶ ಮುದ್ದೆ ಮುರಿದು ಮೀನಿನ ಸಾರಿಗೆ ಅದ್ದಿದ.

"ಉಣ್ಣಪ್ಪ. ಈ ಮೀನು ನಿಮ್ ಕಾಲ್ವೆ ಬಾಯಲ್ಲೇ ತೇಲ್ತಿದ್ದೋ. ಅರ್ಧ ನೀನು ಬೇಯ್ಸಿದ್ದೆ, ಮಿಕ್ಕಿದ್ದು ನಾನು ಬೇಯ್ಸಿದೆ."

ಮುದ್ದೆ ಬಾಯಿಯ ಹತ್ತಿರ ನಿಂತಿತು. ದೇವಿರಮ್ಮ ಬಾಯಲ್ಲಿದ್ದುದನ್ನು ನುಂಗಲೂ ಇಲ್ಲ, ಉಗುಳಲೂ ಇಲ್ಲ.

"ಸತ್ತು ತೇಲಿದ್ ಮೀನಾ?" ಎಂದ ಯತೀಶ.

"ವಿಷ ಇಲ್ವಲ್ಲ, ತಿನ್ನು. ಎಡೆ ಬುಟ್ಟು ಎದ್ದೀಯಾ, ಜ್ವಾಕೆ! ನನ್ ಗಂಡ ಕನಸಲ್ಲಿ ಬತ್ತಾನೆ, ಬಲೆ ಇಡ್ಕಂಡು."

ಯತೀಶ ಸಾಲಿನವರನ್ನು ನೋಡಿದ. ಎಲ್ಲರೂ ಅವನನ್ನೇ ನೋಡುತ್ತಿದ್ದರು.

"ಮಿಲ್ ಹಿಂದ್ಗಡೆ ಗುಂಡಿ ತೆಗಿಸ್ತೀನಿ ಕಣಮ್ಮ. ನೀರು ಆರಿದ್ ಮೇಲೇ ಕೆರೆಗೆ ಬಿಡ್ತೀವಿ."

"ನನಗಲ್ಲ, ಅವನಿಗೇಳು."

ಯತೀಶ ಫೋಟೋದ ಕಡೆ ತಿರುಗಿ ಇನ್ನೊಂದು ಸಲ ಹೇಳಿದ. ಊರೆಲ್ಲ ಕೇಳಿಸಿಕೊಂಡಿತು.

"ಈಗ ಉಣ್ಣು," ಎಂದಳು ಮಂಚಮ್ಮ. "ಮಂಡ್ಯದ ಮಾರ್ಕೆಟ್ಟಿನ್ ಮೀನು."

ದೇವಿರಮ್ಮ ನುಂಗಿದಳು. ನುಂಗಿ ಬೈದಳು.

ಎಲ್ಲರೂ ಹೋದ ಮೇಲೆ ಮಂಚಮ್ಮ ಫೋಟೋದ ಮುಂದೆ ಕೂತಳು. "ಅಂಗಡಿ ಮೀನು ಇಕ್ದೆ ಅಂತ ಬಯ್ಬೇಡ. ಬರೋ ವರ್ಷ ನಮ್ ಕೆರೇದು."

ಮಿಲ್ಲಿನ ಹಿಂದೆ ಗುಂಡಿ ತೋಡಿದ ದಿನ ಅವಳು ಮೊಳೆಯಿಂದ ಬಲೆ ಇಳಿಸಿದಳು. ಮೂರು ಕಡೆ ಇಲಿ ಕಡಿದಿತ್ತು. ದಾರ ಹುಡುಕಲು ಎದ್ದಳು.